ಬ್ರೌಸರ್‌ನಲ್ಲೇ ಬರೆಯಬಹುದು, ಬರೆದದ್ದು ಉಳಿಯುವುದು ಎಲ್ಲಿ?

ಹೋದ ತಿಂಗಳು ನನ್ನ ಹಳೆಯ ಗೆಳೆಯನ ಮಗಳು ಬಾಗಲಕೋಟೆ ನವನಗರದ ನಮ್ಮ ಮನೆಗೆ ಬಂದಿದ್ದಳು. ಊರು ಇಳಕಲ್. ಮನೆಯಲ್ಲಿ ಎರಡು ಮಗ್ಗ ಇವೆ. ಅವಳು ಬಾಗಲಕೋಟೆಯಲ್ಲಿ ಡಿಗ್ರಿ ಓದುತ್ತಿದ್ದಾಳೆ. ಸೀರೆ ನೇಯುವ ಕೆಲಸದ ಬಗ್ಗೆ, ಮಗ್ಗದ ಮುಂದೆ ಅಪ್ಪ ಅವ್ವ ಆಡುವ ಮಾತುಗಳ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅನ್ನೋದು ಅವಳ ಆಸೆ. ಲ್ಯಾಪ್‌ಟಾಪ್ ತೆಗೆದು ಹೊಸದಾಗಿ ಹಾಕಿಕೊಂಡ ಬ್ರೌಸರ್ ತೋರಿಸಿದಳು. ಪರದೆಯ ಒಂದು ಬದಿಗೆ ಉದ್ದನೆಯ ಪಟ್ಟಿ. ಅದರಲ್ಲಿ ವಾಟ್ಸಾಪ್ ಇದೆ, ಇನ್‌ಸ್ಟಾಗ್ರಾಂ ಇದೆ, ಕೇಳಿದ್ದನ್ನು ಬರೆದುಕೊಡುವ ಎಐ ಕೂಡ ಇದೆ. ಬೇರೆ ಟ್ಯಾಬ್ ತೆರೆಯೋದೇ ಬೇಡ.

"ಕಾಕಾ, ಇದರಾಗ ಬರದು ಇದರಾಗಿಂದನ ಹಾಕಬಹುದ್ರಿ. ಮತ್ತ ಬ್ಲಾಗ್ ಬ್ಯಾರೆ ಯಾಕ ಬೇಕು?" ಎಂದು ಕೇಳಿದಳು.

ಒಳ್ಳೆಯ ಪ್ರಶ್ನೆ. ಆದರೆ ನನಗೆ ತಕ್ಷಣ ಉತ್ತರ ಕೊಡಲು ಆಗಲಿಲ್ಲ. ಹದಿನೆಂಟು ವರ್ಷಗಳ ಹಿಂದೆ ನಾನೂ ಇದೇ ಪ್ರಶ್ನೆ ಕೇಳಿಕೊಂಡಿದ್ದೆ. ಎಲ್ಲ ಒಂದೇ ಕಡೆ ಸಿಗುತ್ತಲ್ಲ, ಸಾಕು ಅಂದುಕೊಂಡಿದ್ದೆ. ಆಗ ಬರೆದದ್ದರಲ್ಲಿ ಬಹುಪಾಲು ಈಗ ನನ್ನ ಬಳಿ ಇಲ್ಲ.

ಮೊದಲ ಬ್ರೌಸರ್‌ಗೆ ಬರೆಯಲೂ ಬರುತ್ತಿತ್ತು

ಬ್ರೌಸರ್ ಅಂದರೆ ಓದುವ ಕಿಟಕಿ ಅಂತ ನಾವು ಅಂದುಕೊಂಡಿದ್ದೇವೆ. ಹುಟ್ಟಿದಾಗ ಅದು ಹಾಗಿರಲಿಲ್ಲ. 1990ರ ಕೊನೆಯಲ್ಲಿ ಟಿಮ್ ಬರ್ನರ್ಸ್-ಲೀ ಅವರು ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಮೊಟ್ಟಮೊದಲ ಬ್ರೌಸರ್ ತಯಾರಿಸಿದರು. ಅದು ನೆಕ್ಸ್ಟ್ ಎಂಬ ಕಂಪ್ಯೂಟರ್‌ನಲ್ಲಿ ಮಾತ್ರ ಓಡುತ್ತಿತ್ತು. ಅದರಲ್ಲಿ ಪುಟ ಓದಬಹುದಿತ್ತು. ತನ್ನ ಯಂತ್ರದಲ್ಲಿದ್ದ ಪುಟವನ್ನು ಅದೇ ಕಿಟಕಿಯಲ್ಲಿ ತಿದ್ದಬಹುದಿತ್ತು. ಹೊಸ ಪುಟ ಬರೆದು ಹಳೆಯದಕ್ಕೆ ಕೊಂಡಿ ಹಾಕಬಹುದಿತ್ತು. ಓದುವವರೇ ಬರೆಯುವವರೂ ಆಗಬೇಕು ಅನ್ನೋದು ಅವರ ಯೋಚನೆ.

ಆದರೆ ನೆಕ್ಸ್ಟ್ ಕಂಪ್ಯೂಟರ್ ಇದ್ದವರು ಬಹಳ ಕಡಿಮೆ. ಎಲ್ಲ ಕಂಪ್ಯೂಟರ್‌ಗಳಲ್ಲೂ ಓಡಲಿ ಎಂದು ಆಮೇಲೆ ಮಾಡಿದ ಸರಳ ಬ್ರೌಸರ್ ಬರೀ ಓದುವುದಕ್ಕೆ ಇತ್ತು. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬೀನಾ ಮೊಸಾಯಿಕ್ ತಂದರು. ಅಕ್ಷರಗಳ ನಡುವೆ ಚಿತ್ರ ತೋರಿಸಿದ ಆ ಬ್ರೌಸರ್ ಕಂಡ ಮೇಲೆ ಜನ ವೆಬ್ ಕಡೆ ಹರಿದು ಬಂದರು. ಅದರಲ್ಲೂ ಪುಟ ತಿದ್ದುವ ಸೌಲಭ್ಯ ಇರಲಿಲ್ಲ. ಹೀಗೆ ಬ್ರೌಸರ್ ಓದುವ ವಸ್ತುವಾಗಿ ನಿಂತಿತು. 1997ರಲ್ಲಿ ನೆಟ್‌ಸ್ಕೇಪ್ ತನ್ನ ಕಮ್ಯುನಿಕೇಟರ್ ಜೊತೆ ಕಂಪೋಸರ್ ಎಂಬ ಬರೆಯುವ ಭಾಗ ಕೊಟ್ಟಿತು. ಆದರೆ ಬರೆದ ಪುಟ ಇಡಲು ಸರ್ವರ್‌ನಲ್ಲಿ ಜಾಗ ಬೇಕಲ್ವಾ? ಅದನ್ನು ಬರೆಯುವವರೇ ಹುಡುಕಿಕೊಳ್ಳಬೇಕಿತ್ತು. 1999ರಲ್ಲಿ ಬ್ಲಾಗರ್, 2005ರಲ್ಲಿ ವರ್ಡ್‌ಪ್ರೆಸ್.ಕಾಮ್ ಎಂಬ ಬ್ಲಾಗ್ ತಾಣಗಳು ಬಂದ ಮೇಲೆ ಆ ಜಾಗದ ತೊಂದರೆ ತಪ್ಪಿತು. ಹಣ ಕೊಡದೆ ಮನೆ ಸಿಕ್ಕಿತು.

ಆಗ ಕೆಲವರಿಗೆ ಹೊಳೆದದ್ದು ಇಷ್ಟು: ಮನೆ ಇದೆ, ಬರೆಯುವವರು ಇದ್ದಾರೆ, ನಡುವೆ ಇಷ್ಟೊಂದು ಓಡಾಟ ಯಾಕೆ? ಫೋಟೊ ಒಂದು ತಾಣದಲ್ಲಿ, ಗೆಳೆಯರು ಇನ್ನೊಂದರಲ್ಲಿ, ಬ್ಲಾಗ್ ಮತ್ತೊಂದರಲ್ಲಿ. ಎಲ್ಲದಕ್ಕೂ ಬೇರೆ ಬೇರೆ ಲಾಗಿನ್. 2005ರಲ್ಲಿ ಫ್ಲಾಕ್ ಎಂಬ ಬ್ರೌಸರ್‌ನ ಮೊದಲ ರೂಪ ಬಂತು. ಫೈರ್‌ಫಾಕ್ಸ್‌ನ ತಳಹದಿಯ ಮೇಲೆ ಕಟ್ಟಿದ್ದು. ಅದರೊಳಗೇ ಬ್ಲಾಗ್ ಬರೆಯುವ ಕಿಟಕಿ ಇತ್ತು. ಫ್ಲಿಕರ್‌ನ ಫೋಟೊಗಳು ಮೇಲಿನ ಪಟ್ಟಿಯಲ್ಲಿ ಸಾಲಾಗಿ ಕಾಣುತ್ತಿದ್ದವು. ಬದಿಯ ಪಟ್ಟಿಯಲ್ಲಿ ಗೆಳೆಯರು. ಓದುತ್ತಿದ್ದ ಪುಟದಿಂದ ಒಂದು ಸಾಲನ್ನೋ ಚಿತ್ರವನ್ನೋ ಎಳೆದು ಒಂದು ಕಡೆ ಇಟ್ಟುಕೊಂಡು, ಆಮೇಲೆ ಬರಹಕ್ಕೆ ಸೇರಿಸಬಹುದಿತ್ತು. ಬರೆದು ಮುಗಿಸಿ ಗುಂಡಿ ಒತ್ತಿದರೆ ಅದು ನೇರವಾಗಿ ನಿಮ್ಮ ಬ್ಲಾಗರ್‌ಗೋ ವರ್ಡ್‌ಪ್ರೆಸ್‌ಗೋ ಹೋಗಿ ಕೂರುತ್ತಿತ್ತು.

ಇದು ಹೇಗೆ ಸಾಧ್ಯವಾಯಿತು ಅನ್ನೋದು ಮುಖ್ಯ. ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ. ಪ್ರತಿ ತಾಣವೂ ಎದುರಿನ ಬಾಗಿಲಲ್ಲದೆ ಹಿತ್ತಿಲ ಬಾಗಿಲೊಂದನ್ನು ಇಟ್ಟಿರುತ್ತದೆ. ಜನ ಎದುರಿನ ಬಾಗಿಲಿಂದ ಬರುತ್ತಾರೆ. ಬೇರೆ ತಂತ್ರಾಂಶಗಳು ಹಿತ್ತಿಲಿಂದ ಬಂದು ಫೋಟೊ ಕೊಡುತ್ತವೆ, ಬರಹ ಇಡುತ್ತವೆ, ಪಟ್ಟಿ ಕೇಳುತ್ತವೆ. ಇದನ್ನೇ ಎಪಿಐ ಅನ್ನುತ್ತಾರೆ. ಫ್ಲಾಕ್ ಮಾಡಿದ್ದು ಈ ಹಿತ್ತಿಲ ಬಾಗಿಲುಗಳಿಗೆಲ್ಲ ಒಂದೇ ಓಣಿ ಹಾಕಿದ ಕೆಲಸ. ಬಾಗಿಲು ತೆರೆದಿರುವ ತನಕ ಓಣಿಗೆ ಬೆಲೆ.

ನಮಗೆ ಬೇಕಾಗಿದ್ದದ್ದು ಗೆಳೆಯರ ಪಟ್ಟಿ ಅಲ್ಲ, ಕನ್ನಡದ ಅಕ್ಷರ

ಆಗ ನಾನು ಹಳೆ ಬಾಗಲಕೋಟೆಯ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಮದುವೆ ಪತ್ರಿಕೆ, ಬಿಲ್ ಬುಕ್, ಜಾತ್ರೆಯ ಕರಪತ್ರ. ದಿನವಿಡೀ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದೆ. ಬೇರೆ ಅಂಗಡಿಗಳಲ್ಲಿ ಬರಹ ಎಂಬ ತಂತ್ರಾಂಶ ಇತ್ತು. ಅಚ್ಚಿನ ಕೆಲಸಕ್ಕೆ ಅವು ಚೆನ್ನಾಗಿಯೇ ಇದ್ದವು. ಆದರೆ ಆಗ ನಾವು ಬಳಸುತ್ತಿದ್ದ ಫಾಂಟ್‌ಗಳಲ್ಲಿ ಹೊಡೆದದ್ದು ಕಂಪ್ಯೂಟರ್‌ನ ಲೆಕ್ಕದಲ್ಲಿ ಕನ್ನಡ ಆಗಿರಲಿಲ್ಲ. ಒಳಗೆ ಇದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಕೇತ. ಫಾಂಟ್ ಅದಕ್ಕೆ ಕನ್ನಡದ ಆಕಾರ ಹೊದಿಸುತ್ತಿತ್ತು. ಆ ಫಾಂಟ್ ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಗುರುತುಗಳ ರಾಶಿ. ಅದನ್ನು ಬ್ಲಾಗ್‌ಗೆ ಹಾಕಿದರೆ ಬೆಳಗಾವಿಯಲ್ಲಿ ಕೂತವರಿಗೆ ಓದಲು ಬರುತ್ತಿರಲಿಲ್ಲ.

ಎಲ್ಲ ಭಾಷೆಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯುನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಅನ್ನೋ ಫಾಂಟ್ ಕೂಡ ಇತ್ತು. ಆದರೆ ಒತ್ತಕ್ಷರ, ಗುಣಿತ ಸರಿಯಾಗಿ ಕೂರಬೇಕಾದರೆ ಸೆಟ್ಟಿಂಗ್‌ಗೆ ಹೋಗಿ ಸಂಕೀರ್ಣ ಲಿಪಿಗಳ ಫೈಲ್‌ಗಳನ್ನು ಹಾಕಿಕೊಳ್ಳಬೇಕಿತ್ತು. ಅದಕ್ಕೆ ವಿಂಡೋಸ್ ಸಿ.ಡಿ. ಬೇಕು. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂರುವ ಸೈಬರ್ ಕೆಫೆಯಲ್ಲಿ ಆ ಸಿ.ಡಿ. ಯಾರು ಕೊಡುತ್ತಾರೆ? ಎಷ್ಟೋ ಸಲ ಪರದೆಯ ತುಂಬ ಚೌಕಗಳನ್ನು ನೋಡಿ ಎದ್ದು ಬಂದಿದ್ದೇನೆ.

ಫೋನ್‌ನಲ್ಲೂ ಅದೇ ಪಾಡು. ಒಪೆರಾ ಮಿನಿ ನೆನಪಿದೆಯಾ? ವಿಳಾಸದ ಜಾಗದಲ್ಲಿ ಕಾನ್ಫಿಗ್ ಪುಟದ ಹೆಸರು ಹೊಡೆದು, ಕೆಳಗೆ ಇಳಿದು, ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸು ಅನ್ನೋ ಕಡೆ ಹೌದು ಎಂದು ಒತ್ತಬೇಕಿತ್ತು. ಆಗ ಅಕ್ಷರಗಳು ಚಿತ್ರವಾಗಿ ಇಳಿದು ಬರುತ್ತಿದ್ದವು. ಈ ಗುಟ್ಟು ನಮ್ಮೂರಲ್ಲಿ ಬಾಯಿಂದ ಬಾಯಿಗೆ ಹರಡಿತ್ತು. ಆಂಡ್ರಾಯ್ಡ್ ತಾನಾಗಿಯೇ ಕನ್ನಡ ತೋರಿಸಲು 2012ರ ಜೆಲ್ಲಿ ಬೀನ್ ಬರಬೇಕಾಯಿತು.

ಅದಕ್ಕೇ 2010ರ ಜುಲೈನಲ್ಲಿ ಬೆಂಗಳೂರಿನಿಂದ ಎಪಿಕ್ ಬ್ರೌಸರ್ ಬಂದಾಗ ನನಗೆ ನಿಜಕ್ಕೂ ಖುಷಿಯಾಗಿತ್ತು. ಹಿಡನ್ ರಿಫ್ಲೆಕ್ಸ್ ಎಂಬ ಕಂಪನಿ ಫೈರ್‌ಫಾಕ್ಸ್ ಮೂಲದಿಂದ ಮಾಡಿದ್ದು. ಬದಿಯ ಪಟ್ಟಿಯಲ್ಲಿ ಆರ್ಕುಟ್, ಫೇಸ್‌ಬುಕ್, ಟ್ವಿಟರ್ ಇದ್ದವು. ಎಲ್ಲರೂ ಅದನ್ನೇ ಮಾತಾಡಿದರು. ನನಗೆ ಹಿಡಿಸಿದ್ದು ಬೇರೆ. ಕನ್ನಡವೂ ಸೇರಿ ಹನ್ನೆರಡು ಭಾರತೀಯ ಭಾಷೆಗಳಲ್ಲಿ ಬ್ರೌಸರ್ ಒಳಗೇ ಟೈಪ್ ಮಾಡಬಹುದಿತ್ತು. ಬೇರೆ ತಂತ್ರಾಂಶ ಬೇಡ. ಟಿಪ್ಪಣಿ ಬರೆಯಲು ಜಾಗವೂ ಅದರೊಳಗೇ ಇತ್ತು. ಮೊದಲ ಸಲ ಬ್ರೌಸರ್ ಮಾಡುವವರು ನಮ್ಮಂಥವರನ್ನು ಎಣಿಕೆಗೆ ತೆಗೆದುಕೊಂಡಿದ್ದರು.

ಇವತ್ತು ಹಿಂತಿರುಗಿ ನೋಡಿದರೆ ಒಂದು ಮಾತು ಸ್ಪಷ್ಟ ಕಾಣುತ್ತದೆ. ಆ ಬ್ರೌಸರ್‌ಗಳಲ್ಲಿ ಎರಡು ಬಗೆಯ ಸಲಕರಣೆ ಇದ್ದವು. ಒಂದು, ಬರೆಯುವವರ ಕೈಗೆ ಬಲ ಕೊಡುವಂಥದ್ದು: ಅಕ್ಷರ, ಟಿಪ್ಪಣಿ, ಬ್ಲಾಗ್ ಕಿಟಕಿ. ಇನ್ನೊಂದು, ಬರೆಯುವವರನ್ನು ಯಾವುದೋ ಕಂಪನಿಯ ಅಂಗಳಕ್ಕೆ ಕರೆದೊಯ್ಯುವಂಥದ್ದು: ಗೆಳೆಯರ ಪಟ್ಟಿ, ಲೈಕ್, ಬಾತ್ಮಿಯ ಸಾಲು. ಜಾಹೀರಾತಿನಲ್ಲಿ ಎರಡನೆಯದು ದೊಡ್ಡದಾಗಿ ಕಾಣುತ್ತಿತ್ತು. ಬರಹಗಾರರಿಗೆ ಬೇಕಾಗಿದ್ದದ್ದು ಮೊದಲನೆಯದು. ಬ್ರೌಸರ್‌ಗಳು ಸತ್ತದ್ದು ಎರಡನೆಯದನ್ನು ನಂಬಿ.

ಬಾಗಿಲು ಮುಚ್ಚಿದಾಗ

ಫ್ಲಾಕ್ 2010ರಲ್ಲಿ ಫೈರ್‌ಫಾಕ್ಸ್ ಬಿಟ್ಟು ಕ್ರೋಮ್‌ಗೆ ಆಧಾರವಾದ ಕ್ರೋಮಿಯಂ ಕಡೆ ಹೊರಳಿತು. 2011ರ ಜನವರಿಯಲ್ಲಿ ಅದನ್ನು ಝಿಂಗಾ ಎಂಬ ಆಟಗಳ ಕಂಪನಿ ಕೊಂಡಿತು. ಅದೇ ಏಪ್ರಿಲ್ 26ಕ್ಕೆ ಎಲ್ಲ ನಿಂತಿತು. 2010ರ ನವೆಂಬರ್‌ನಲ್ಲಿ ರಾಕ್‌ಮೆಲ್ಟ್ ಬಂದಿತ್ತು. ಅದಕ್ಕೆ ಮೊಸಾಯಿಕ್‌ನ ಆಂಡ್ರೀಸನ್ ಅವರೇ ಹಣ ಹಾಕಿದ್ದರು. ಎಡಗಡೆ ಫೇಸ್‌ಬುಕ್ ಗೆಳೆಯರು, ಬಲಗಡೆ ತಾಣಗಳು. ಮೊದಮೊದಲು ಫೇಸ್‌ಬುಕ್ ಖಾತೆ ಇಲ್ಲದೆ ಬ್ರೌಸರ್ ಬಳಸಲು ಆಗುತ್ತಲೇ ಇರಲಿಲ್ಲ. 2013ರಲ್ಲಿ ಯಾಹೂ ಕೊಂಡಿತು, ಆಗಸ್ಟ್ ಮುಗಿಯುವಷ್ಟರಲ್ಲಿ ಮುಚ್ಚಿತು. ಎಪಿಕ್ ಕೂಡ 2013ರಲ್ಲಿ ಹಳೆಯ ರೂಪ ಬಿಟ್ಟು, ಬಳಕೆದಾರರ ಖಾಸಗಿತನ ಕಾಯುವ ಬ್ರೌಸರ್ ಆಗಿ ಕ್ರೋಮಿಯಂ ಮೇಲೆ ಮರುಹುಟ್ಟು ಪಡೆಯಿತು. ಬದಿಯ ಪಟ್ಟಿಯಲ್ಲಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ತಾನೇ ಮುಗಿಯಿತು.

ಕ್ರೋಮ್‌ನ ವೇಗ ಒಂದು ಕಾರಣ. ಜನ ಕಂಪ್ಯೂಟರ್ ಬಿಟ್ಟು ಫೋನ್ ಹಿಡಿದದ್ದು ಇನ್ನೊಂದು. ನನ್ನ ಪ್ರಕಾರ ದೊಡ್ಡ ಕಾರಣ ಆ ಹಿತ್ತಿಲ ಬಾಗಿಲು. ಸಾಮಾಜಿಕ ಜಾಲತಾಣಗಳಿಗೆ ಹಣ ಬರುವುದು ಜಾಹೀರಾತಿನಿಂದ. ಜಾಹೀರಾತು ಇರುವುದು ಎದುರಿನ ಬಾಗಿಲಲ್ಲಿ. ಹಿತ್ತಿಲಿಂದ ಬಂದು ಓದಿ ಹೋಗುವವರಿಂದ ಅವರಿಗೆ ಲಾಭ ಇಲ್ಲ. ಬೆಳೆಯುವ ತನಕ ಬಾಗಿಲು ತೆರೆದಿಟ್ಟರು, ಬೆಳೆದ ಮೇಲೆ ಒಂದೊಂದಾಗಿ ಹಾಕಿಕೊಂಡರು. ಟ್ವಿಟರ್ 2012ರಲ್ಲಿ ಹೊರಗಿನ ತಂತ್ರಾಂಶಗಳಿಗೆ ಬಳಕೆದಾರರ ಸಂಖ್ಯೆಯ ಮಿತಿ ಹಾಕಿತು. 2023ರ ಜನವರಿಯಲ್ಲಿ ಅವುಗಳನ್ನು ಪೂರ್ತಿ ನಿಷೇಧಿಸಿತು. ಫೇಸ್‌ಬುಕ್‌ನಲ್ಲಿ 2018ರ ಆಗಸ್ಟ್‌ನಿಂದ ಹೊರಗಿನ ತಂತ್ರಾಂಶ ನಿಮ್ಮ ಪರವಾಗಿ ನಿಮ್ಮ ಗೋಡೆಯ ಮೇಲೆ ಬರೆಯುವಂತಿಲ್ಲ. ಫೇಸ್‌ಬುಕ್ ಬಳಕೆದಾರರ ಮಾಹಿತಿ ಹೊರಗಿನವರ ಕೈ ಸೇರಿದ ಕೇಂಬ್ರಿಜ್ ಅನಲಿಟಿಕಾ ಹಗರಣ ಆದ ಮೇಲೆ ಜನರ ಮಾಹಿತಿ ಕಾಯಲು ಹಾಕಿದ ಕಟ್ಟು ಅದು. ಕಾರಣ ಸರಿಯಾಗಿಯೇ ಇತ್ತು. ಆದರೆ ಒಂದೇ ಕಿಟಕಿಯಿಂದ ಎಲ್ಲ ಕಡೆ ಬರೆಯುವ ಕನಸು ಅಲ್ಲಿಗೆ ಮುಗಿಯಿತು.

ಬಾಗಲಕೋಟೆಯವರಿಗೆ ಮುಳುಗಡೆ ಅಂದರೆ ವಿವರಿಸಿ ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರು ಬಂತು. ಹಳೆ ಊರಿನ ಎಷ್ಟೋ ಓಣಿಗಳು ನೀರಿಗೆ ಹೋದವು. ಓಣಿಯ ಹೆಸರು ಹೇಳಿ ಮನೆ ಹುಡುಕುತ್ತಿದ್ದವರು ಈಗ ಸೆಕ್ಟರ್ ನಂಬರ್ ಹೇಳುತ್ತೇವೆ. ನಮಗೆ ಸಿಕ್ಕ ಪರಿಹಾರ ಸಾಕಾಯಿತೇ ಅನ್ನೋದು ಬೇರೆ ಮಾತು. ಆದರೂ ನೋಟಿಸ್ ಬಂತು, ಅಳತೆ ಆಯಿತು, ನಿವೇಶನ ಸಿಕ್ಕಿತು. ಅವ್ವ ಹಳೆ ಮನೆಯ ಬಾಗಿಲ ಚೌಕಟ್ಟನ್ನು ಬಿಚ್ಚಿಸಿ ತಂದು ಹೊಸ ಮನೆಗೆ ಹಾಕಿಸಿದಳು.

ನನ್ನ ಬರಹಗಳಿಗೆ ಅಂಥದ್ದೇನೂ ಆಗಲಿಲ್ಲ. 2007ರಿಂದ ನಾಲ್ಕು ವರ್ಷ ನಾನು ಒಂದು ಪುಕ್ಕಟೆ ತಾಣದಲ್ಲಿ ಬರೆಯುತ್ತಿದ್ದೆ. ಹಳೆ ಬಾಗಲಕೋಟೆಯ ಅಂಗಡಿಗಳು, ನೀರು ಏರಿದ ವರ್ಷದ ನೆನಪುಗಳು, ಅವ್ವ ಹೇಳುತ್ತಿದ್ದ ಹಾಡುಗಳು. ಅದನ್ನು ಬ್ರೌಸರ್‌ನ ಒಳಗಿನ ಕಿಟಕಿಯಲ್ಲೇ ಬರೆದು ಅಲ್ಲಿಂದಲೇ ಹಾಕುತ್ತಿದ್ದೆ. ನನ್ನ ಬಳಿ ಪ್ರತಿ ಉಳಿಯುತ್ತಿರಲಿಲ್ಲ. ಒಂದು ದಿನ ಆ ಸೇವೆ ನಿಂತಿತು. ಮುಚ್ಚುತ್ತೇವೆ ಎಂದು ಇಮೇಲ್ ಬಂದಿತ್ತಂತೆ. ನಾನು ಆ ಹಳೆಯ ಇಮೇಲ್ ನೋಡುವುದನ್ನು ಬಿಟ್ಟು ವರ್ಷವಾಗಿತ್ತು. ಅವ್ವ ಈಗಿಲ್ಲ. ಆ ಹಾಡುಗಳಲ್ಲಿ ಕೆಲವು ನನಗೆ ಪೂರ್ತಿ ನೆನಪಿಲ್ಲ.

ನನ್ನೊಬ್ಬನ ಕಥೆಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಟ್ವಿಟರ್ ಬಗೆಯ ಕೂ ಎಂಬ ತಾಣ ನೆನಪಿಸಿಕೊಳ್ಳಿ. 2020ರಲ್ಲಿ ಬೆಂಗಳೂರಿನಿಂದ ಮೊದಲು ಕನ್ನಡದಲ್ಲೇ ಶುರುವಾದ ತಾಣ. 2024ರ ಜುಲೈನಲ್ಲಿ ಮುಚ್ಚಿತು. ಅಲ್ಲಿ ಬರೆದವರು ಕಡಿಮೆ ಜನ ಅಲ್ಲ. ನಮ್ಮ ಭಾಷೆಗೆ ಮೊದಲ ಜಾಗ ಕೊಟ್ಟವರು ಅನ್ನೋ ಪ್ರೀತಿ ನನಗೆ ಈಗಲೂ ಇದೆ. ಆದರೆ ಪ್ರೀತಿಯಿಂದ ಸರ್ವರ್ ಓಡುವುದಿಲ್ಲ, ಹಣ ಬೇಕು.

ಬ್ರೌಸರ್‌ನೊಳಗೆ ಜಾಲ ಹೋಗಿ, ಜಾಲದೊಳಗೆ ಬ್ರೌಸರ್

ಫೋನ್ ಬಂದ ಮೇಲೆ ಲೆಕ್ಕ ತಿರುಗಿತು. ಮೊದಲು ಬ್ರೌಸರ್ ಒಳಗೆ ಸಾಮಾಜಿಕ ಜಾಲ ಇಡಲು ಹೊರಟಿದ್ದರು. ಈಗ ಸಾಮಾಜಿಕ ಜಾಲದ ಆ್ಯಪ್ ಒಳಗೆ ಬ್ರೌಸರ್ ಇದೆ. ಫೇಸ್‌ಬುಕ್‌ನಲ್ಲೋ ಇನ್‌ಸ್ಟಾಗ್ರಾಂನಲ್ಲೋ ಒಂದು ಕೊಂಡಿ ಒತ್ತಿ ನೋಡಿ. ಪುಟ ತೆರೆಯುತ್ತದೆ, ಆದರೆ ನೀವು ಆ್ಯಪ್ ಬಿಟ್ಟು ಹೊರಗೆ ಬಂದಿರುವುದಿಲ್ಲ. ಅದರ ಒಳಕೋಣೆಯಲ್ಲೇ ಇರುತ್ತೀರಿ. ನಿಮ್ಮ ಬುಕ್‌ಮಾರ್ಕ್ ಅಲ್ಲಿಲ್ಲ. ನೀವು ಬೇರೆ ಬ್ರೌಸರ್‌ನಲ್ಲಿ ಮಾಡಿದ ಲಾಗಿನ್ ಅಲ್ಲಿಗೆ ಬರುವುದಿಲ್ಲ. ಬೆರಳು ಹಿಂದೆ ಸರಿಸಿದರೆ ಆ ಪುಟ ಹೋಯಿತು, ಮತ್ತೆ ರೀಲ್ಸ್.

2022ರ ಆಗಸ್ಟ್‌ನಲ್ಲಿ ಫೆಲಿಕ್ಸ್ ಕ್ರೌಸ್ ಎಂಬ ಭದ್ರತಾ ಸಂಶೋಧಕರು ಒಂದು ವಿಷಯ ತೋರಿಸಿದರು. ಐಫೋನ್‌ನ ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್ ಆ್ಯಪ್‌ಗಳು ತಮ್ಮೊಳಗಿನ ಬ್ರೌಸರ್‌ನಲ್ಲಿ ತೆರೆದ ಹೊರಗಿನ ತಾಣಗಳಿಗೂ ತಮ್ಮ ಕೋಡ್ ಸೇರಿಸುತ್ತಿದ್ದವು. ಅಂದರೆ ಆ ಪುಟದಲ್ಲಿ ನೀವು ಏನು ಒತ್ತುತ್ತೀರಿ ಎಂದು ನೋಡುವ ಶಕ್ತಿ ಆ ಕೋಡ್‌ಗೆ ಇರಲು ಸಾಧ್ಯ. ತಮ್ಮ ಜಾಡು ಹಿಡಿಯಬಹುದೋ ಬೇಡವೋ ಎಂಬ ಬಳಕೆದಾರರ ಆಯ್ಕೆಯನ್ನು ಪಾಲಿಸಲೆಂದೇ ಹೀಗೆ ಮಾಡುತ್ತೇವೆ ಎಂದು ಎರಡೂ ಆ್ಯಪ್‌ಗಳ ಒಡೆಯ ಕಂಪನಿ ಮೆಟಾ ಹೇಳಿತು. ಅದನ್ನು ಒಪ್ಪಿಕೊಂಡರೂ, ಒಳಕೋಣೆಯ ಕಿಟಕಿ ಯಾರದು ಅನ್ನೋದು ಬದಲಾಗುವುದಿಲ್ಲ.

ಇನ್ನೊಂದು ಬಗೆ ಯುಸಿ ಬ್ರೌಸರ್‌ನದ್ದು. ನಮ್ಮ ಕಡೆ ಕಡಿಮೆ ಬೆಲೆಯ ಫೋನ್‌ಗಳಲ್ಲಿ ಒಂದು ಕಾಲಕ್ಕೆ ಅದೇ ಅದು. ಡೇಟಾ ಉಳಿಸುತ್ತಿತ್ತು, ವಿಡಿಯೊ ಬೇಗ ಇಳಿಯುತ್ತಿತ್ತು. ಬರುಬರುತ್ತಾ ತೆರೆದ ಕೂಡಲೇ ಬಾತ್ಮಿಗಳ ಉದ್ದನೆಯ ಸಾಲು ಕಾಣತೊಡಗಿತು. ಬ್ರೌಸರ್ ತಾನೇ ಒಂದು ಪತ್ರಿಕೆಯಾಗಿ ಬಿಟ್ಟಿತು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಇತ್ತು. ಅದರಲ್ಲೇ ಬುಕ್‌ಮಾರ್ಕ್ ಕೂಡಿಟ್ಟವರಿಗೆ ಆ ವಾರ ತುಂಬಾ ಪರದಾಟವಾಯಿತು.

ಇಷ್ಟೆಲ್ಲದರ ನಡುವೆ ಒಂದು ಕಥೆ ನನಗೆ ಭರವಸೆ ಕೊಡುತ್ತದೆ. ಒಪೆರಾ ಬ್ರೌಸರ್‌ನವರು ಮೈ ಒಪೆರಾ ಎಂಬ ಬ್ಲಾಗ್ ತಾಣ ನಡೆಸುತ್ತಿದ್ದರು. 2014ರ ಮಾರ್ಚ್‌ನಲ್ಲಿ ಅದನ್ನು ಮುಚ್ಚಿದರು. ಒಪೆರಾ ಕಟ್ಟಿದವರಲ್ಲಿ ಒಬ್ಬರಾದ ಯೋನ್ ವಾನ್ ಟೆಟ್ಸ್‌ನರ್ ಅಷ್ಟು ಹೊತ್ತಿಗೆ ಆ ಕಂಪನಿ ಬಿಟ್ಟಿದ್ದರು. ಮನೆ ಕಳೆದುಕೊಳ್ಳುತ್ತಿದ್ದ ಆ ಬರಹಗಾರರಿಗಾಗಿ ಅವರು ವಿವಾಲ್ಡಿ ಎಂಬ ತಾಣ ತೆರೆದರು. ಮೊದಲು ಪುನರ್ವಸತಿ, ಆಮೇಲೆ ಬ್ರೌಸರ್. 2015ರ ಜನವರಿಯಲ್ಲಿ ವಿವಾಲ್ಡಿ ಬ್ರೌಸರ್‌ನ ಮೊದಲ ರೂಪ ಬಂತು. ಅದರ ಜೊತೆ ಇವತ್ತಿಗೂ ಬ್ಲಾಗ್ ಬರೆಯಲು ಜಾಗ ಸಿಗುತ್ತದೆ. 2022ರಲ್ಲಿ ಅವರು ಟ್ವಿಟರ್ ಬಗೆಯ ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲದ ಸರ್ವರ್ ಒಂದನ್ನು ಶುರು ಮಾಡಿ ಬ್ರೌಸರ್‌ನ ಬದಿಯ ಪಟ್ಟಿಗೆ ಸೇರಿಸಿದರು.

ಮಾಸ್ಟೊಡಾನ್ ಇಲ್ಲಿ ಯಾಕೆ ಮುಖ್ಯ ಅಂದರೆ ಅದು ಒಂದೇ ಕಂಪನಿಯ ಅಂಗಳ ಅಲ್ಲ. ಯಾರು ಬೇಕಾದರೂ ಸರ್ವರ್ ಹಾಕಬಹುದು. ಒಂದು ಸರ್ವರ್‌ನವರು ಇನ್ನೊಂದು ಸರ್ವರ್‌ನವರ ಜೊತೆ ಮಾತಾಡಬಹುದು. ಅಂಚೆಯ ಹಾಗೆ. ಬಾಗಲಕೋಟೆ ಅಂಚೆ ಕಚೇರಿಯಲ್ಲಿ ಹಾಕಿದ ಪತ್ರ ವಿಜಯಪುರಕ್ಕೆ ಹೋಗುವುದಿಲ್ಲವೇ? ಈ ಮಾತುಕತೆಯ ನಿಯಮಕ್ಕೆ ಆ್ಯಕ್ಟಿವಿಟಿಪಬ್ ಎಂದು ಹೆಸರು. ವೆಬ್‌ನ ನಿಯಮ ರೂಪಿಸುವ ಡಬ್ಲ್ಯೂ3ಸಿ 2018ರ ಜನವರಿಯಲ್ಲಿ ಅದನ್ನು ಒಪ್ಪಿತು. ಇಲ್ಲಿ ಒಂದು ಸರ್ವರ್ ಮುಚ್ಚುವುದಾದರೆ, ಅದಕ್ಕೆ ಮೊದಲೇ ನಿಮ್ಮನ್ನು ಹಿಂಬಾಲಿಸುವವರನ್ನು ಇನ್ನೊಂದಕ್ಕೆ ಕರೆದೊಯ್ಯಬಹುದು. ಹಳೆಯ ಪೋಸ್ಟ್‌ಗಳು ಮಾತ್ರ ತಾವಾಗಿ ಬರುವುದಿಲ್ಲ, ಅದು ಇದರ ಕೊರತೆ. ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ ನಡೆಸುತ್ತಿದ್ದ ಮಾಸ್ಟೊಡಾನ್ ಸರ್ವರ್ 2024ರ ಡಿಸೆಂಬರ್‌ನಲ್ಲಿ ನಿಂತಿತು. ದೊಡ್ಡ ಹೆಸರಿನವರು ನಡೆಸಿದರೂ ಮುಳುಗಡೆ ತಪ್ಪುವುದಿಲ್ಲ.

ಈಗ ಬಂದಿರುವ ಎಐ

ಮತ್ತೆ ಆ ಹುಡುಗಿಯ ಲ್ಯಾಪ್‌ಟಾಪ್‌ಗೆ ಬರೋಣ. 2025 ಬ್ರೌಸರ್‌ಗಳ ವರ್ಷ. ಜುಲೈನಲ್ಲಿ ಪರ್ಪ್ಲೆಕ್ಸಿಟಿಯ ಕಾಮೆಟ್ ಬಂತು. ಅಕ್ಟೋಬರ್‌ನಲ್ಲಿ ಓಪನ್‌ಎಐ ಅಟ್ಲಾಸ್ ತಂದಿತು. ಎಡ್ಜ್, ಕ್ರೋಮ್‌ಗಳೂ ಎಐ ಸೇರಿಸಿಕೊಂಡವು. ಫ್ಲಾಕ್‌ನ ಕಿಟಕಿಯಲ್ಲಿ ನೀವು ಬರೆಯಬೇಕಿತ್ತು. ಇಲ್ಲಿ ಬ್ರೌಸರ್ ತಾನೇ ಬರೆಯುತ್ತದೆ. ಕೆಲವು ಬ್ರೌಸರ್‌ಗಳಲ್ಲಿ ಹೇಳಿದರೆ ಸಾಕು, ತಾನೇ ತಾಣಕ್ಕೆ ಹೋಗಿ ಗುಂಡಿ ಒತ್ತಿ ಪೋಸ್ಟ್ ಕೂಡ ಮಾಡುತ್ತದೆ. ಹಿತ್ತಿಲ ಬಾಗಿಲು ಮುಚ್ಚಿದರೇನಂತೆ, ನಿಮ್ಮ ವೇಷದಲ್ಲಿ ಎದುರಿನ ಬಾಗಿಲಿಂದಲೇ ಒಳಗೆ ಹೋಗುತ್ತದೆ. ನಿಮ್ಮ ಲಾಗಿನ್‌ಗಳೆಲ್ಲ ಅದರ ಕೈಯಲ್ಲಿ ಇರುತ್ತವೆ.

ಅಪಾಯ ಇರುವುದು ಇಲ್ಲೇ. ಎಐ ಒಂದು ಪುಟ ಓದುವಾಗ, ಅದರಲ್ಲಿರುವ ಮಾತು ಯಾವುದು, ತನಗೆ ಕೊಟ್ಟ ಆಜ್ಞೆ ಯಾವುದು ಎಂದು ಬೇರೆ ಮಾಡುವುದು ಅದಕ್ಕೆ ಕಷ್ಟ. 2025ರ ಆಗಸ್ಟ್‌ನಲ್ಲಿ ಬ್ರೇವ್ ಬ್ರೌಸರ್‌ನವರು ಇದನ್ನು ಮಾಡಿ ತೋರಿಸಿದರು. ರೆಡಿಟ್‌ನ ಒಂದು ಕಾಮೆಂಟ್‌ನಲ್ಲಿ ಕಣ್ಣಿಗೆ ಕಾಣದಂತೆ ಆಜ್ಞೆ ಅಡಗಿಸಿಟ್ಟರು. ಪುಟದ ಸಾರಾಂಶ ಕೊಡು ಎಂದು ಕಾಮೆಟ್‌ಗೆ ಹೇಳಿದಾಗ ಅದು ಆ ಅಡಗಿದ ಆಜ್ಞೆಯನ್ನೇ ಪಾಲಿಸಿತು. ಬಳಕೆದಾರರ ಇಮೇಲ್‌ಗೆ ಹೋಗಿ, ಅಲ್ಲಿ ಬಂದ ಒಟಿಪಿ ತೆಗೆದು, ಹೊರಗೆ ಹಾಕಿತು. ಅದು ಪರೀಕ್ಷೆ ಆಗಿತ್ತು, ಆಮೇಲೆ ತಿದ್ದುಪಡಿಯೂ ಆಯಿತು. ಆದರೆ ಈ ಬಗೆಯ ಸಮಸ್ಯೆ ಇನ್ನೂ ಬಗೆಹರಿದಿಲ್ಲ ಎಂದು ಅಟ್ಲಾಸ್ ಬಂದ ವಾರವೇ ಓಪನ್‌ಎಐನ ಭದ್ರತಾ ಮುಖ್ಯಸ್ಥರು ಒಪ್ಪಿಕೊಂಡರು. ಒಟಿಪಿ ಯಾರಿಗೂ ಹೇಳಬೇಡಿ ಎಂದು ನಾವು ಅಜ್ಜಿಯರಿಗೂ ಕಲಿಸಿದ್ದೇವೆ. ಇನ್ನು ಬ್ರೌಸರ್‌ಗೂ ಕಲಿಸಬೇಕಾಗಿದೆ.

ಮಾಹಿತಿ ರಕ್ಷಣೆಗೆ 2023ರ ಕಾಯ್ದೆ ಇದೆ, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು. ಅವು ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಅಲ್ಲಿಯವರೆಗೆ ಬ್ಯಾಂಕ್ ಮತ್ತು ಇಮೇಲ್ ಲಾಗಿನ್ ಇರುವ ಬ್ರೌಸರ್‌ನಲ್ಲಿ ಎಐಗೆ ಪೋಸ್ಟ್ ಮಾಡುವ ಕೆಲಸ ಕೊಡಬೇಡ ಎಂದು ನಾನು ಅವಳಿಗೆ ಹೇಳಿದೆ.

ಇದಕ್ಕಿಂತ ಜಾಸ್ತಿ ನನ್ನನ್ನು ಕಾಡಿದ್ದು ಅವಳು ತೋರಿಸಿದ ಬರಹ. ಹಾಸು ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಎಳೆದ ಎಳೆಗಳು. ಇಳಕಲ್ ಸೀರೆಯಲ್ಲಿ ಒಡಲಿನ, ಅಂದರೆ ಸೀರೆಯ ಮುಖ್ಯ ಭಾಗದ, ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಸೇರಿಸುತ್ತಾರೆ. ಅದಕ್ಕೆ ಕೊಂಡಿ ಅನ್ನುತ್ತಾರೆ. ಬೇರೆ ಸೀರೆಗಳಿಂದ ಇಳಕಲ್ ಸೀರೆಯನ್ನು ಬೇರೆ ಮಾಡುವುದೇ ಈ ಕೆಲಸ. ಮಗ್ಗದ ಮೇಲೆ ಅತಿ ತಾಳ್ಮೆ ಬೇಡುವ ಕೆಲಸವೂ ಅದೇ. ಕೊಂಡಿಯ ಬಗ್ಗೆ ನಾಲ್ಕು ಸಾಲು ಕೊಟ್ಟು, ಚಂದ ಮಾಡಿ ಬರೆದುಕೊಡು ಎಂದು ಅವಳು ಬದಿಯ ಪಟ್ಟಿಯ ಎಐಗೆ ಹೇಳಿದ್ದಳು. ಅದು ಕೊಂಡಿ ಅಂದರೆ ವೆಬ್‌ನ ಲಿಂಕ್ ಅಂದುಕೊಂಡಿತು. ಸೀರೆ ಮಾರುವವರು ತಮ್ಮ ಪುಟಕ್ಕೆ ಕೊಂಡಿ ಹೇಗೆ ಸೇರಿಸಬೇಕು ಎಂದು ಎರಡು ಪ್ಯಾರಾ ಬರೆದುಕೊಟ್ಟಿತು. ಒಡಲು ಅನ್ನೋದು ದೇಹ ಆಯಿತು. ಹಾಸು ಅನ್ನೋದು ಹಾಸಿಗೆಯ ಕಡೆ ಹೋಯಿತು. ಉಳಿದ ಕನ್ನಡ ತಪ್ಪಿಲ್ಲದೆ ಇತ್ತು, ಆದರೆ ಅದು ಇಳಕಲ್‌ನ ಯಾರ ಬಾಯಿಂದಲೂ ಬರುವ ಕನ್ನಡ ಆಗಿರಲಿಲ್ಲ.

ಎಐ ಮೇಲೆ ನನಗೆ ಸಿಟ್ಟಿಲ್ಲ. ಅದು ಓದಿದ್ದರಲ್ಲಿ ನೇಕಾರರ ಕೊಂಡಿ ಕಡಿಮೆ, ವೆಬ್‌ನ ಕೊಂಡಿ ಜಾಸ್ತಿ. ನೇಕಾರರು ಬರೆಯಲಿಲ್ಲ, ಬರೆದವರ ತಾಣಗಳು ಮುಳುಗಿದವು, ಉಳಿದದ್ದನ್ನು ನುಡಿ ಫಾಂಟ್‌ನಲ್ಲಿ ಹೊಡೆದ ಕಾರಣ ಯಂತ್ರಕ್ಕೆ ಓದಲು ಬರಲಿಲ್ಲ. ಈ ಮೂರೂ ಸೇರಿದ ಮೇಲೆ ಅದಕ್ಕೆ ಗೊತ್ತಾಗುವುದಾದರೂ ಹೇಗೆ? ಅವಳಂಥವರು ತಮ್ಮ ಮಾತಿನಲ್ಲಿ ಬರೆದು, ಅದು ಹತ್ತು ವರ್ಷ ಆದರೂ ಒಂದೇ ವಿಳಾಸದಲ್ಲಿ ನಿಂತರೆ ಮಾತ್ರ ಮುಂದೆ ಯಾರಾದರೂ, ಮನುಷ್ಯರಾಗಲಿ ಯಂತ್ರವಾಗಲಿ, ಈ ಕೊಂಡಿಯ ಅರ್ಥ ತಿಳಿಯಬಹುದು.

ಅವತ್ತು ಸಂಜೆ ಇಬ್ಬರೂ ಕೂತು ಕೆಲಸ ಮಾಡಿದೆವು. ಬ್ರೌಸರ್ ಬದಲಿಸಲಿಲ್ಲ. ಅವಳಿಗೆ ಅದರ ಬದಿಯ ಪಟ್ಟಿ ಅನುಕೂಲ, ಇರಲಿ. ಬರೆಯುವುದು ಮಾತ್ರ ಮೊದಲು ತನ್ನ ಕಂಪ್ಯೂಟರ್‌ನ ಸಾದಾ ಫೈಲ್‌ನಲ್ಲಿ, ಯುನಿಕೋಡ್‌ನಲ್ಲಿ. ವರ್ಷಕ್ಕೆ ಇಷ್ಟು ಎಂದು ಹಣ ಕಟ್ಟಿ ಅವಳದ್ದೇ ಹೆಸರಿನ ಒಂದು ವಿಳಾಸ ತೆಗೆದುಕೊಂಡೆವು. ಅದಕ್ಕೆ ವರ್ಡ್‌ಪ್ರೆಸ್ ಜೋಡಿಸಿದೆವು. ನಾಳೆ ಸರ್ವರ್ ಬದಲಾದರೂ ವಿಳಾಸ ಬದಲಾಗುವುದಿಲ್ಲ. ಓಣಿ ಮುಳುಗಿದರೂ ಮನೆಯ ಹೆಸರು ಜೊತೆಗೆ ಬಂದ ಹಾಗೆ. ಎಲ್ಲ ಬರಹಗಳನ್ನು ಒಂದೇ ಫೈಲ್ ಆಗಿ ಇಳಿಸಿಕೊಳ್ಳುವ ಸೌಲಭ್ಯ ಎಲ್ಲಿದೆ ಎಂದು ತೋರಿಸಿದೆ. ಇನ್‌ಸ್ಟಾಗ್ರಾಂಗೆ ಫೋಟೊ ಮತ್ತು ಎರಡು ಸಾಲು ಹೋಗಲಿ, ಪೂರ್ತಿ ಬರಹ ಇಲ್ಲಿರಲಿ ಎಂದು ಒಪ್ಪಂದವಾಯಿತು.

ಅವಳ ಅಪ್ಪನ ಫೇಸ್‌ಬುಕ್‌ನಲ್ಲಿ ಏಳೆಂಟು ವರ್ಷದ ಸೀರೆ ಫೋಟೊ, ಬರಹ ಇವೆ. ಅದನ್ನೂ ಇಳಿಸಿದೆವು. ಒಂದು ಮಾತು ನೆನಪಿಡಿ: ಇಳಿಸುವಾಗ ಜೇಸನ್ ರೂಪ ಆರಿಸಿದರೆ ಕನ್ನಡ ಅಕ್ಷರಗಳು ಕೆಟ್ಟು ಬರುವುದುಂಟು. ಎಚ್‌ಟಿಎಂಎಲ್ ಆರಿಸಿದರೆ ಸರಿಯಾಗಿ ಬರುತ್ತವೆ. ಮೊದಲ ಸಲ ಇಳಿಸಿದಾಗ ನಮಗೂ ಹಳೆಯ ಸೈಬರ್ ಕೆಫೆಯ ಚೌಕಗಳ ಹಾಗೆಯೇ ಕಂಡಿತ್ತು.

ರಾತ್ರಿ ಎಂಟರ ಹೊತ್ತಿಗೆ ಕೊಂಡಿಯ ಬಗ್ಗೆ ಅವಳೇ ಬರೆದ ಮೊದಲ ಬರಹ ಹಾಕಿದಳು. ಎಐ ಬರೆದದ್ದರಲ್ಲಿ ಒಂದು ಸಾಲೂ ಉಳಿಸಿಕೊಳ್ಳಲಿಲ್ಲ. ಅಪ್ಪನಿಗೆ ವಾಟ್ಸಾಪ್‌ನಲ್ಲಿ ವಿಳಾಸ ಕಳಿಸಿದಳು. ಹತ್ತು ನಿಮಿಷಕ್ಕೆ ಫೋನ್ ಬಂತು.

"ಯವ್ವಾ, ಸೆರಗಿನ ಹಾಸು ಹತ್ತಿದು ಅಂತ ಬರದೀಯಲ್ಲ. ಅದು ರೇಶ್ಮಿದು. ಒಡಲಿಂದು ಹತ್ತಿ ಇರತೈತಿ. ತಿದ್ದು ಅದನ್ನ."

ಅವಳು ಫೋನ್ ಕಿವಿಗೆ ಹಿಡಿದುಕೊಂಡೇ ಆ ಸಾಲು ತಿದ್ದಿದಳು.